ಯಾವ ಗಾಡಿ ಬಡೀತು?

ನೀವು ಸೈಕಲ್ ಮೇಲಿಂದ ಬೀಳುವುದಿದ್ದರೆ ಎಲ್ಲಿ ಬೇಕಾದರೂ ಬೀಳಿ, ನನ್ನ ಹೆಂಡತಿಯ ತಮ್ಮನ ಎದುರಿಗೆ ಮಾತ್ರ ಬೀಳಬೇಡಿ. ಬೇರೆಯವರು ಓಡಿ ಬಂದು ಎತ್ತುತ್ತಾರೆ, ನೀರು ಕುಡಿಸುತ್ತಾರೆ. ಇವನು ಕಿಸೆಯಿಂದ ಪೆನ್ನು ತೆಗೆದು, "ಯಾವ ಗಾಡಿ ಬಡೀತ್ರಿ?" ಎಂದು ಕೇಳುತ್ತಾನೆ.

ಕೇಳುತ್ತಿದ್ದ ಎನ್ನಬೇಕು. ಈಗ ಕೇಳುವುದಿಲ್ಲ. ಅದಕ್ಕೆ ಕಾರಣ ನಾನು. ಮೊದಲು ನಗುವ ಮಾತು ಮುಗಿಸಿಬಿಡುತ್ತೇನೆ; ಇನ್ನೊಂದನ್ನು ಹೇಳಲು ಸ್ವಲ್ಪ ಧೈರ್ಯ ಕೂಡಿಸಿಕೊಳ್ಳಬೇಕು.

ಬೈಲಹೊಂಗಲದ ಒಂದು ಖಾಸಗಿ ದವಾಖಾನೆಯಲ್ಲಿ ಅವನ ನೌಕರಿ. ರೋಗಿಗಳ ಫೈಲುಗಳೆಲ್ಲ ಅವನ ಮೇಜಿಗೆ ಬರುತ್ತಿದ್ದವು. ದಪ್ಪನೆಯ ಒಂದು ಪುಸ್ತಕ ನೋಡಿ ರೋಗಕ್ಕೊಂದು, ಗಾಯಕ್ಕೊಂದು, ಗಾಯ ಹೇಗಾಯಿತು ಎನ್ನುವುದಕ್ಕೊಂದು ಸಂಖ್ಯೆ ಬರೆಯುವುದು ಅವನ ಕೆಲಸ. ಆ ಪುಸ್ತಕದಲ್ಲಿ ಸೈಕಲ್ಲಿನವರಿಗೇ ಬೇರೆ ಪುಟಗಳಿವೆ. ಎಮ್ಮೆ ಅಡ್ಡ ಬಂದರೆ ಹತ್ತು. ಮೋಟರ್ ಸೈಕಲ್, ಆಟೋ ಬಡಿದರೆ ಹನ್ನೆರಡು. ಕಾರು, ಪಿಕಪ್ ವ್ಯಾನು ಬಡಿದರೆ ಹದಿಮೂರು. ಲಾರಿ, ಬಸ್ಸಾದರೆ ಹದಿನಾಲ್ಕು. ತಾನೇ ಬಿದ್ದರೆ ಹದಿನೆಂಟು. ಏನಾಯಿತೋ ಗೊತ್ತಿಲ್ಲ ಎಂದರೆ ಹತ್ತೊಂಬತ್ತು. ಅದರ ಮುಂದೆ ಒಂದು ಚುಕ್ಕೆ. ಬಿದ್ದವನು ಸೈಕಲ್ ಹೊಡೆಯುತ್ತಿದ್ದನೋ, ಹಿಂದೆ ಕುಳಿತಿದ್ದನೋ, ಹತ್ತುತ್ತಲೋ ಇಳಿಯುತ್ತಲೋ ಇದ್ದನೋ ಎನ್ನುವುದಕ್ಕೆ ಚುಕ್ಕೆಯ ಆಚೆ ಇನ್ನೊಂದು ಅಂಕಿ.

ಬರೀ ಮೆಟ್ರಿಕ್ ಓದಿದ ನನಗೆ ಇದೆಲ್ಲ ಯಾಕೆ ಬಾಯಿಪಾಠ ಎನ್ನುತ್ತೀರಾ? ಅವನನ್ನು ಅಣಕಿಸಲಿಕ್ಕೆ ಕಲಿತದ್ದು!

ಬೇರೆಯವರು ಫೈಲಿನಲ್ಲಿ ಇದ್ದಷ್ಟು ನೋಡಿ ಬರೆದು ಮನೆಗೆ ಹೋಗುತ್ತಾರೆ. ಇವನು ರೋಗಿಯ ಮಂಚದ ಹತ್ತಿರವೇ ಹೋಗುತ್ತಿದ್ದ. ಒಮ್ಮೆ ಸವದತ್ತಿ ಕಡೆಯ ಒಬ್ಬ ಅಜ್ಜಿ ಬಂದಿದ್ದಳು. ಮೊಮ್ಮಗನ ಸೈಕಲ್ ಕ್ಯಾರಿಯರ್ ಮೇಲಿಂದ ಇಳಿಯುವಾಗ ಕಾರು ತಾಗಿ ಕಾಲು ಮುರಿದಿತ್ತು.

"ಅಜ್ಜಿ, ಕಾರ್ ಬಡಿದಾಗ ಕುಂತಿದ್ರೋ, ಇಳ್ಯಾಕತ್ತಿದ್ರೋ?"

"ಅರ್ಧಾ ಇಳದಿದ್ನೋ ಯಪ್ಪಾ."

"ಅರ್ಧಕ್ಕ ಪುಸ್ತಕದಾಗ ನಂಬರ್ ಇಲ್ಲರಿ."

"ಹಂಗಾರ ನೀ ಅರ್ಧಾ ಬರಕೋ. ಉಳದರ್ಧಾ ಹೊತ್ತಿನ್ಯಾಗ ಡಾಕ್ಟರನ ಕರಕೊಂಡ್ ಬಾ."

ರಾಮದುರ್ಗದ ಒಂದು ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಕುಂಟುತ್ತ ಬಂದು ಇವನ ಪಕ್ಕಕ್ಕೆ ಊಟಕ್ಕೆ ಕುಳಿತರು. ಸಣ್ಣವರಿದ್ದಾಗ ಸೈಕಲ್ ಮೇಲಿಂದ ಬಿದ್ದದ್ದು ಎಂದು ಬಾಯಿ ತಪ್ಪಿ ಹೇಳಿದರು. ಇವನು ಬಿಡುತ್ತಾನೆಯೇ?

"ಯಾವ ಗಾಡಿ ಬಡೀತ್ರಿ?"

ಹಿರಿಯರು ಹೆಂಗಸರ ಪಂಕ್ತಿಯ ಕಡೆ ನೋಡಿ ದನಿ ತಗ್ಗಿಸಿದರು. "ಇನ್ನೊಂದು ಸೈಕಲ್ಲ. ಅದನ್ನ ಹೊಡ್ಯಾಕತ್ತಿದ್ದಾಕಿ ಈಗ ನನ್ನ ಹೆಂಡ್ತಿ ಅದಾಳ."

ನಮ್ಮ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಇವನೊಬ್ಬ ನಗಲಿಲ್ಲ. "ಹನ್ನೊಂದು" ಎಂದು ಹೋಳಿಗೆ ಮುರಿದ.

ರೋಗಿಗೆ ನೆನಪಿಲ್ಲದಿದ್ದರೆ ಸೈಕಲ್ಲನ್ನೇ ಹುಡುಕಿಕೊಂಡು ಹೋಗುತ್ತಿದ್ದ. "ಮನಷ್ಯಾ ಮರೀತಾನ್ರಿ ಮಾವಾರ, ಸೈಕಲ್ ಮರಿಯೂದಿಲ್ಲ" ಎನ್ನುತ್ತಿದ್ದ. ಹತ್ತೊಂಬತ್ತು ಎಂಬ ಸಂಖ್ಯೆ ಕಂಡರೆ ಅವನಿಗೆ ಸಿಟ್ಟು. "ಗೊತ್ತಿಲ್ಲಂತ ಬರಿಯೂದಂದ್ರ ಬಿದ್ದಾಂವನ ಮುಖಾ ನೋಡದ ದಾಟಿ ಹೋದಂಗ್ರಿ."

ಇವನಿಗೆ ಹುಚ್ಚು ಯಾವಾಗ ಬಿಡುತ್ತದೋ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಬಿಡಿಸಿದವನು ನಾನೇ.

ಆಗ ನನ್ನದೊಂದು ನೀಲಿ ಪಿಕಪ್ ವ್ಯಾನಿತ್ತು. ಒಂದು ಮಧ್ಯಾಹ್ನ ಉಳ್ಳಾಗಡ್ಡಿ ಮೂಟೆ ಇಳಿಸಿ ಕಿತ್ತೂರಿನ ಕಡೆಯಿಂದ ಬರುತ್ತಿದ್ದೆ. ಸ್ಟೇರಿಂಗಿಗೆ ಮೊಳಕೈ ಕೊಟ್ಟು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದೆ. ಕಣ್ಣು ಸುಣ್ಣದ ಡಬ್ಬಿಯ ಮೇಲೆ. ಮುಂದೆ ಹೋಗುತ್ತಿದ್ದ ಸೈಕಲ್ಲಿಗೆ ಹಿಂದಿನಿಂದ ತಾಗಿದೆ. ಬಿದ್ದವರು ದೇಗಾಂವದ ಒಬ್ಬ ಮುಸಲ್ಮಾನರು, ಊರವರ ಬಾಯಲ್ಲಿ ಸಾಹೇಬರು. ಸಂತೆಯಿಂದ ಸಂತೆಗೆ ಹೋಗಿ ಕೊಡೆ, ಕೀಲಿ ರಿಪೇರಿ ಮಾಡುವವರು. ರಸ್ತೆಯಲ್ಲಿ ಮತ್ತೆ ಯಾರೂ ಇರಲಿಲ್ಲ.

ಅವರನ್ನು ಅಲ್ಲಿಯೇ ಬಿಟ್ಟು ಓಡಲಿಲ್ಲ, ಅದೊಂದು ನಿಜ. ಎಚ್ಚರ ತಪ್ಪಿದ್ದ ಅವರನ್ನೂ ಸೈಕಲ್ಲನ್ನೂ ವ್ಯಾನಿಗೆ ಹಾಕಿಕೊಂಡು ಬೈಲಹೊಂಗಲದ ಅದೇ ದವಾಖಾನೆಗೆ ತಂದೆ. ಆದರೆ ಬರುವ ದಾರಿಯಲ್ಲಿಯೇ ಸುಳ್ಳನ್ನೂ ಸಿದ್ಧಮಾಡಿಕೊಂಡೆ. "ತಾವ ಬಿದ್ದಿದ್ರು. ನೋಡಿ ಎತಗೊಂಡ್ ಬಂದೇನಿ" ಎಂದೆ. ನರ್ಸಮ್ಮ ನನಗೆ ಚಹಾ ತರಿಸಿದಳು. ಎಚ್ಚರವಾದ ಮೇಲೆ ಸಾಹೇಬರು ನೆನಪೇ ಇಲ್ಲ ಎಂದರು. ನನಗೆ ಕೈ ಮುಗಿದರು. ಆ ಮುಗಿದ ಕೈಗಳನ್ನು ನೋಡಿಯೂ ನಾನು ಚಹಾ ಕುಡಿದೆ.

ಹೆಂಡತಿಯ ತಮ್ಮ ದವಾಖಾನೆಯ ಹಿತ್ತಲಿಗೆ ಹೋಗಿ ಅಲ್ಲಿ ಇಳಿಸಿದ್ದ ಸೈಕಲ್ ನೋಡಿದ. ಹಿಂದಿನ ಗಾಲಿ ಮಡಚಿತ್ತು, ಮಡ್‌ಗಾರ್ಡಿಗೆ ನೀಲಿ ಬಣ್ಣ ಹತ್ತಿತ್ತು. ಅಲ್ಲಿಂದ ನನ್ನ ವ್ಯಾನಿನ ಮೂತಿಯ ಹತ್ತಿರ ಬಂದು ನಿಂತ.

"ಮಾವಾರ, ನೀವು ನೋಡಿದಾಗ ಬಿದ್ದಿದ್ರೇನು?"

"ಬಿದ್ದಿದ್ರು."

"ಹ್ಞೂಂ" ಎಂದು ಒಳಗೆ ಹೋದ.

ಮೂರು ದಿನ ಬಿಟ್ಟು ನಮ್ಮ ಮನೆಗೆ ಬಂದ. ಅಕ್ಕ ಕೊಟ್ಟ ಚಹಾ ಮುಟ್ಟದೆ, "ಆ ಫೈಲ್ ಇನ್ನೂ ಹಂಗ ಇಟ್ಟೇನ್ರಿ ಮಾವಾರ" ಎಂದ. ನಾನು ಹೇಳಲಿ ಎಂದೇ ಬಂದಿದ್ದ. ನಾನು ನಗುತ್ತ ಏನೆಂದೆ ಗೊತ್ತೇ?

"ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತಿ? ಹದಿನೆಂಟು ಬರಿ."

ಅವನು ಹದಿನೆಂಟು ಬರೆಯಲಿಲ್ಲ. ಹದಿಮೂರನ್ನೂ ಬರೆಯಲಿಲ್ಲ. "ಹತ್ತೊಂಬತ್ತು ಬರದೇನ್ರಿ" ಎಂದು ಮರುದಿನ ಫೋನಿನಲ್ಲಿ ಹೇಳಿ ಇಟ್ಟುಬಿಟ್ಟ.

ಅಂದಿನಿಂದ ಅವನು ಯಾರನ್ನೂ ಏನೂ ಕೇಳಲಿಲ್ಲ. ಫೈಲಿನಲ್ಲಿ ಇದ್ದಷ್ಟು ನೋಡಿ ಬರೆದು ಹೊತ್ತಿಗೆ ಸರಿಯಾಗಿ ಮನೆಗೆ ಹೋಗತೊಡಗಿದ. ಮದುವೆಗಳಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅಂತೂ ಶಾಣ್ಯಾ ಆದ ಎಂದು ಬಳಗದವರಿಗೆ ಸಮಾಧಾನ. ನನ್ನ ಹೆಂಡತಿ ಮಾತ್ರ, "ನಮ್ಮ ತಮ್ಮಗ ಏನೋ ಆಗೇತ್ರಿ" ಎನ್ನುತ್ತಿದ್ದಳು. ನಾನು ಪೇಪರ್ ಓದುತ್ತಿದ್ದೆ.

ಅವನು ನಿವೃತ್ತನಾದ. ನನಗೂ ವಯಸ್ಸಾಗಿ ವ್ಯಾನು ಮಾರಿದೆ. ಮಾತು ಮಾತ್ರ ಎದೆಯಲ್ಲಿಯೇ ಉಳಿಯಿತು. ಹೋದ ತಿಂಗಳು ಅವನ ಮನೆಗೆ ಹೋಗಿ ಹೇಳಿದೆ.

"ಗೊತ್ತಿತ್ರಿ" ಎಂದ.

"ಮತ್ತ ಯಾಕ ಬರೀಲಿಲ್ಲೋ?"

"ಅಕ್ಕನ ಮುಖಾ ಕಣ್ಣಮುಂದ ಬಂತು." ಹಾಗೆಂದು ಎದ್ದ. "ನನಗ ಹೇಳಿ ಏನಾಗೂದೈತಿ? ಚಪ್ಪಲ್ ಮೆಟ್ಟಿಕೊಳ್ರಿ."

ಇಬ್ಬರೂ ಬಸ್ಸು ಹಿಡಿದು ದೇಗಾಂವಕ್ಕೆ ಹೋದೆವು. ಸಾಹೇಬರು ಅಂಗಳದಲ್ಲಿ ಕುಳಿತಿದ್ದರು. ನನ್ನ ಗುರುತು ಹತ್ತಿ, "ನನ್ನ ಜೀವಾ ಉಳಿಸಿದಾಂವ ಬಂದಾನ" ಎಂದು ಕುರ್ಚಿ ಹಾಕಿಸಿದರು. ಕುರ್ಚಿಯ ಮೇಲೆ ಕೂಡಲಾಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ತಂಬಾಕಿನ ಮಾತನ್ನೂ ಬಿಡಲಿಲ್ಲ.

ಬೈಯುತ್ತಾರೆಂದು ಕಾದೆ. ಅವರು ಕೇಳಿದ್ದು ಇಷ್ಟೇ: "ಹಂಗಾರ ನಾ ಜೋಲಿ ತಪ್ಪಿ ಬಿದ್ದಿಲ್ಲ?"

"ಇಲ್ಲರಿ."

ವಯಸ್ಸಾಗಿ ಜೋಲಿ ತಪ್ಪುತ್ತದೆಂದು ಮಗ ಅವರ ಸೈಕಲ್ಲನ್ನು ಗುಜರಿಗೆ ಹಾಕಿದ್ದನಂತೆ. ಅಂದಿನಿಂದ ಸಂತೆ ತಿರುಗುವುದು ನಿಂತಿತ್ತು, ಒಬ್ಬರೇ ರಸ್ತೆ ದಾಟಲು ಮನೆಯವರು ಬಿಡುತ್ತಿರಲಿಲ್ಲ. ಅವರೂ ಅದನ್ನೇ ನಂಬಿ ಇಷ್ಟು ವರ್ಷ ಕುಳಿತಿದ್ದರು.

ಸಾಹೇಬರು ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು. "ಕೇಳಿದ್ಯಾ? ನಾ ಬಿದ್ದಿಲ್ಲ." ಆಕೆ ಹೊರಗೆ ಬಂದಳು. ಬಾಜೂ ಮನೆಯವರನ್ನೂ ಕರೆಸಿದರು. ಮಗ ಬಂದ. "ಇವರ ಮುಂದೂ ಹೇಳ್ರಿ" ಎಂದರು.

ನಾನು ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಹೇಳಿ ಮುಗಿಯುವತನಕ ಹೆಂಡತಿಯ ತಮ್ಮ ನನ್ನ ರಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.