ಗಂಡನ ಹೆಸರಿನ ಮೊಮ್ಮಗಳು

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು ಎಂಬ ಕಟ್ಟಳೆ ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಗಂಡಸರೇ ಇರಬೇಕು, ಅದರಿಂದ ಅವರಿಗೆ ಒಂದು ದಿನವೂ ತೊಂದರೆಯಾದಂತೆ ಕಾಣುವುದಿಲ್ಲ. ನನಗೆ ಆಗಿದೆ. ನನ್ನ ಯಜಮಾನರ ಹೆಸರು ಕರಿಯಪ್ಪ. ಮತ್ತೆ ಇದನ್ನು ಹೇಗೆ ಬರೆದೆ ಎಂದು ಕೇಳಬೇಡಿ. ಬಾಯಲ್ಲಿ ಹೇಳಬಾರದು ಎಂದಷ್ಟೇ ಕಟ್ಟಳೆ. ಕೈಯಲ್ಲಿ ಬರೆಯಬಾರದು ಎಂದು ಯಾರೂ ಹೇಳಿಲ್ಲ, ಯಾಕೆಂದರೆ ನಮ್ಮ ಹಟ್ಟಿಯ ಹೆಂಗಸು ಒಂದು ದಿನ ಬರೆದಾಳು ಎಂದು ಯಾರೂ ಎಣಿಸಿರಲಿಲ್ಲ. ನಾನು ಎರಡನೇ ಕ್ಲಾಸು ಓದಿದವಳು. ಮೂರಕ್ಕೆ ಹೋಗುವಷ್ಟರಲ್ಲಿ ಮದುವೆ ಮಾಡಿದರು.

ಕುರಿ ಸಾಕುವ ಮನೆಯಲ್ಲಿ ಇಂಥ ಹೆಸರಿನ ಗಂಡ ಸಿಕ್ಕರೆ ಹೆಂಡತಿಯ ಪಾಡು ಯಾರಿಗೂ ಬೇಡ. ಮಂದೆಯಲ್ಲಿ ಅರ್ಧಕ್ಕರ್ಧ ಕರಿ ಕುರಿಗಳು. ಅವನ್ನು ನಾನು ಇದ್ದಿಲ ಬಣ್ಣದವು ಎನ್ನುತ್ತಿದ್ದೆ. ಕರಿಬೇವು ನನ್ನ ಬಾಯಲ್ಲಿ ಒಗ್ಗರಣೆ ಸೊಪ್ಪಾಯಿತು. ಹೊಸದುರ್ಗದ ಸಂತೆಯಲ್ಲಿ ಕಂಬಳಿ ಹರವಿಕೊಂಡು ಕೂತು, ಬಿಳೀದಲ್ಲದ್ದು ಬೇಕೇನಪ್ಪ ಎಂದು ಗಿರಾಕಿಯನ್ನು ಕೇಳಿದರೆ, ಅವನು ನನ್ನ ಮುಖವನ್ನೊಮ್ಮೆ ನೋಡಿ ಪಕ್ಕದವಳ ಹತ್ತಿರ ಹೋಗುತ್ತಿದ್ದ. ಯಜಮಾನರು ತೀರಿಕೊಂಡ ಮೇಲಾದರೂ ನಾಲಗೆಗೆ ಬಿಡುಗಡೆ ಸಿಕ್ಕೀತು ಎಂದುಕೊಂಡಿದ್ದೆ. ಸಿಗಲಿಲ್ಲ. ಗಂಡ ಸತ್ತರೂ ಕಟ್ಟಳೆ ಸಾಯುವುದಿಲ್ಲವಂತೆ. ಅದೂ ಸಾಲದೆಂದು ಆ ವರ್ಷವೇ ನನ್ನ ಮಗನಿಗೆ ಗಂಡು ಮಗುವಾಯಿತು. ಗಂಡು ಎಂದು ಸೂಲಗಿತ್ತಿ ಹೇಳಿದಳು, ನಾವು ನಂಬಿದೆವು. ಅಪ್ಪನೇ ತಿರುಗಿ ಬಂದ ಎಂದು ಮಗ ಅತ್ತು ಕರೆದು ಅದೇ ಹೆಸರಿಟ್ಟ.

ಮನೆಯವರೆಲ್ಲ ಆ ಹೆಸರು ಹಿಡಿದು ಕೂಗುವಾಗ ನಾನೊಬ್ಬಳು ಮಾತ್ರ ಕೂಸನ್ನು ಮರಿ ಎನ್ನುತ್ತಿದ್ದೆ. ಕುರಿಮರಿಗೂ ಮರಿ, ಮೊಮ್ಮಗುವಿಗೂ ಮರಿ. ಕೆಲವು ಸಲ ಕೂಗಿದರೆ ಎರಡೂ ಓಡಿ ಬರುತ್ತಿದ್ದವು.

ರೇಡಿಯೋದಲ್ಲಿ ಎಮರ್ಜೆನ್ಸಿ ಎಮರ್ಜೆನ್ಸಿ ಎನ್ನುತ್ತಿದ್ದ ಕಾಲ. ದೊಡ್ಡ ದೊಡ್ಡವರೇ ಬಾಯಿ ಮುಚ್ಚಿಕೊಂಡು ಕೂತಿದ್ದರು. ಎಂಟನೇ ಕ್ಲಾಸಿಗೆ ಬಂದಿದ್ದ ನಮ್ಮ ಮನೆಯ ಕೂಸು ಆಗಲೇ ಬಾಯಿ ಬಿಟ್ಟಿತು. ನಾನು ಜಗಲಿಯ ಮೇಲೆ ರಾಟೆ ಹಾಕಿಕೊಂಡು ಉಣ್ಣೆ ನೂಲುತ್ತಿದ್ದೆ. ಅದು ಪಕ್ಕದಲ್ಲಿ ಕೂತು ಉಣ್ಣೆ ಹಿಂಜುತ್ತಿತ್ತು.

"ಅಜ್ಜಿ, ನಾನು ಹುಡುಗ ಅಲ್ಲ. ಹುಡುಗಿ. ಮೊದ್ಲಿಂದಾನೂ."

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ನಂಗೇ ಗೊತ್ತು."

ಇಂಥ ಹೊತ್ತಿನಲ್ಲಿ ಅಜ್ಜಿಯಾದವಳು ತಬ್ಬಿಕೊಂಡು ಅಳಬೇಕೇನೋ. ನಾನು ಅಳಲಿಲ್ಲ. ನೂಲು ಹರಿದಿತ್ತು, ಜೋಡಿಸಬೇಕಿತ್ತು. ಜೋಡಿಸಿದ ಮೇಲೆ, ನಿಮ್ಮಪ್ಪನಿಗೆ ಹೇಳಿದೆಯಾ ಎಂದೆ. ಹೇಳಿದರೆ ಕೊಲ್ಲುತ್ತಾನೆ ಎಂದಿತು. ಅದು ನಿಜ ಎಂದೆ. ನನ್ನ ಮಗನನ್ನು ನಾನೇ ಹೆತ್ತಿರುವುದು.

ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. ಕೇಳಿದ್ದು ಒಂದೇ. ಶಾಲೆಯಲ್ಲಿ ಬೆಳಿಗ್ಗೆ ಹಾಜರಿ ಕೂಗುವಾಗ ಆ ಹೆಸರು ಕೇಳಿದರೆ ಬೇರೆ ಯಾರನ್ನೋ ಕೂಗಿದ ಹಾಗಾಗುತ್ತದೆ, ಸರೋಜ ಎಂದು ಕೂಗಿದರೆ ಓದುತ್ತೇನೆ, ಇಲ್ಲವಾದರೆ ಶಾಲೆ ಬಿಡುತ್ತೇನೆ ಎಂದಿತು. ಓದಿನಲ್ಲಿ ಚುರುಕು. ನಮ್ಮ ಮನೆತನದಲ್ಲಿ ಏಳನೇ ಕ್ಲಾಸು ದಾಟಿದ ಮೊದಲನೆಯ ಜೀವ ಅದು. ನನಗೆ ಚಿಂತೆಯಾದದ್ದು ಹೆಣ್ಣೋ ಗಂಡೋ ಎಂದಲ್ಲ, ಇದೂ ನನ್ನ ಹಾಗೆ ಅರ್ಧಕ್ಕೆ ನಿಲ್ಲುತ್ತದಲ್ಲ ಎಂದು. ಸರೋಜ ಎಂಬ ಹೆಸರು ಮಾತ್ರ ನನಗೆ ಹಿಡಿಸಲಿಲ್ಲ. ನಮ್ಮವ್ವನ ಹೆಸರು ಮಾರಕ್ಕ ಎಂದಿತ್ತು, ಅದನ್ನೇ ಇಟ್ಟುಕೋ ಎಂದೆ. ಮಾರಕ್ಕ ಹಳೇ ಕಾಲದ್ದು, ಬ್ಯಾಡಜ್ಜಿ ಎಂದು ಮೂಗು ಮುರಿಯಿತು. ಹುಡುಗಿ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಆಗಲೇ.

ಮೇಷ್ಟ್ರಿಗೆ ಅವಳು ಆಗಲೇ ಹೇಳಿಬಿಟ್ಟಿದ್ದಳು. ಶಾಲೆ ಬಿಟ್ಟ ಮೇಲೆ ಒಬ್ಬಳೇ ನಿಂತು ಹೇಳಿದಳಂತೆ. ಅವರು ಮನೆಯವರನ್ನು ಕರೆದುಕೊಂಡು ಬಾ ಎಂದಿದ್ದರು. ಮನೆಯವರೆಂದರೆ ನಾನೇ ಆದೆ. ಹೊಳಲ್ಕೆರೆ ಕಡೆಯ ಮೇಷ್ಟ್ರು, ಬಡಕಲು ಆಳು, ಕೈಯಲ್ಲಿ ಸದಾ ಕೊಡೆ. ಶಾಲೆಯ ಮುಂದಿನ ಹೊಂಗೆ ಮರದಡಿ ಬುತ್ತಿ ಬಿಚ್ಚಿದ್ದರು.

"ಕುಂತ್ಕಳ್ರಿ ಅಜ್ಜಿ. ಅಪ್ಪ ಅಮ್ಮ ಇಟ್ಟ ಹೆಸರು ಬಿಟ್ಟು ಹುಡುಗರು ಹೇಳ್ದಂಗೆ ಕೂಗಕ್ಕಾಗತ್ತಾ? ನಾಳೆ ಇನ್ನೊಬ್ಬ ಬಂದು ನನ್ನ ಡೀಸಿ ಸಾಹೇಬ್ರು ಅಂತ ಕೂಗ್ರಿ ಅಂತಾನೆ. ನೀವೇ ಹೇಳ್ರಿ, ನಿಮ್ಮ ಮೊಮ್ಮಗನ ಹೆಸರೇನು?"

ನಾನು ಸುಮ್ಮನೆ ಕೂತೆ. ಕಿವಿ ಕೇಳಿಸದೇನೋ ಎಂದು ಅವರು ಇನ್ನೊಮ್ಮೆ ಜೋರಾಗಿ ಕೇಳಿದರು. ಆಗ ನನ್ನ ಪಕ್ಕದಲ್ಲಿ ನಿಂತಿದ್ದ ಅವಳೇ, ಅದು ಅಜ್ಜನ ಹೆಸರು ಸಾರ್, ಅಜ್ಜಿ ಹೇಳಂಗಿಲ್ಲ ಎಂದಳು. ಮೇಷ್ಟ್ರ ಕೈಯ ತುತ್ತು ಕೈಯಲ್ಲೇ ನಿಂತಿತು.

"ಹುಟ್ಟಿದಾಗ್ನಿಂದ ಸಾಕೀನಿ," ಎಂದೆ. "ಒಂದು ದಿನಾನೂ ಆ ಹೆಸರು ಹಿಡಿದು ಕೂಗಿಲ್ಲ. ಆದ್ರೂ ಕೂಗಿದಾಗೆಲ್ಲ ಬಂದೈತೆ. ನಂಗೆ ಆಗಿದ್ದು ನಿಮಗ್ಯಾಕೆ ಆಗಲ್ಲ ಸ್ವಾಮಿ?"

ಅವರು ಬುತ್ತಿ ಮುಚ್ಚಿಟ್ಟು ಕೈ ತೊಳೆದುಕೊಂಡರು. ಬುಕ್ಕಿನಲ್ಲಿರುವುದನ್ನು ತಿದ್ದಲು ತನಗೆ ಅಧಿಕಾರವಿಲ್ಲ, ಬಾಯಲ್ಲಿ ಕೂಗುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ ಎಂದರು. ಮಾರನೆಯ ದಿನದಿಂದ ಸರೋಜ ಎಂದೇ ಕೂಗಿದರು. ಹುಡುಗರು ನಕ್ಕರಂತೆ. ಅವರು ಕೊಡೆಯಿಂದ ಮೇಜಿಗೆ ಒಂದು ಬಾರಿಸಿದರಂತೆ, ಕೊಡೆಯ ಕಡ್ಡಿ ಮುರಿಯಿತಂತೆ. ಅವಳು ಅದನ್ನು ಹೇಳಿಕೊಂಡು ನಕ್ಕಿದ್ದು ನನಗಿನ್ನೂ ನೆನಪಿದೆ. ನೆನಪಿರುವುದಕ್ಕೆ ಕಾರಣ, ಆಮೇಲೆ ಅಷ್ಟು ನಕ್ಕಿದ್ದನ್ನು ನಾನು ನೋಡಿಲ್ಲ.

ದೀಪಾವಳಿ ಕಳೆದ ಮೇಲೆ ಮೇಷ್ಟ್ರಿಗೆ ದೂರದ ಊರಿಗೆ ವರ್ಗವಾಯಿತು. ಒಳ್ಳೆ ಮೇಷ್ಟ್ರುಗಳಿಗೆ ವರ್ಗ ಬೇಗ ಬರುತ್ತದೆ, ಒಳ್ಳೆ ಕುರಿಗೆ ರೋಗ ಬಂದ ಹಾಗೆ. ಹೊಸಬರು ಬುಕ್ಕಿನಲ್ಲಿದ್ದಂತೆ ಕೂಗಿದರು. ಅವಳು ಓಗೊಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತೇ ದಿನವೂ ಗೈರುಹಾಜರಾದಳು. ನಿಮ್ಮ ಹುಡುಗ ಶಾಲೆಗೆ ಬರುತ್ತಿಲ್ಲ ಎಂದು ಶಾಲೆಯಿರುವ ಮಾಡದಕೆರೆಯಲ್ಲಿ ಯಾರೋ ನನ್ನ ಮಗನಿಗೆ ಹೇಳಿದರು. ದಿನವೂ ರೊಟ್ಟಿ ಕಟ್ಟಿಸಿಕೊಂಡು ಎಲ್ಲಿಗೆ ಹೋಗುತ್ತಾನೆ ನೋಡೋಣವೆಂದು ಅವನು ಹಿಂದೆಯೇ ಹೋದ. ನೋಡಿದರೆ ಕೂಸು ಕ್ಲಾಸಿನೊಳಗೇ ಕೂತಿದೆ. ಬಾಗಿಲಲ್ಲಿ ನಿಂತು, ಲೇ ಕರಿಯಪ್ಪ ಎಂದು ಕೂಗಿದ. ಕ್ಲಾಸಿಗೆ ಕ್ಲಾಸೇ ತಿರುಗಿ ನೋಡಿತು. ಅವಳೊಬ್ಬಳು ತಿರುಗಲಿಲ್ಲ.

ರಟ್ಟೆ ಹಿಡಿದು ಎಳೆದು ತಂದ. ಕೋಲು ತೆಗೆದುಕೊಂಡು ಹೊಡೆಯುತ್ತಾ, ತನ್ನ ಹೆಸರು ಸರೋಜ ಎನ್ನುತ್ತದೆ ಅವ್ವಾ, ಇದು ಅಪ್ಪನಿಗೆ ಮಾಡುವ ಮರ್ಯಾದೆಯೇ ಎಂದ. ನಾನು ನಡುವೆ ಹೋಗಿ ನಿಂತೆ.

"ನೀನಾದ್ರೂ ಹೇಳವ್ವ," ಎಂದು ಅರಚಿದ. "ಇವನ ಹೆಸರೇನು?"

"ಸರೋಜ," ಎಂದೆ. "ಇನ್ನೊಂದು ನನ್ನ ಬಾಯಾಗೆ ಬರಂಗಿಲ್ಲ, ನಿಂಗೂ ಗೊತ್ತೈತೆ."

ಕೋಲು ಬಿಸಾಡಿ ಹೊರಗೆ ಹೋದ. ಅಂದಿನಿಂದ ನನ್ನ ಹತ್ತಿರ ಮಾತು ಕಡಿಮೆ. ಶಾಲೆ ಬಿಡಿಸಿದ. ಈಗ ಅವಳು ಕುರಿ ಕಾಯುತ್ತಾಳೆ. ಸಂಜೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ನಾನು ಸರೋಜಾ ಎಂದು ಕೂಗುತ್ತೇನೆ. ಮುದುಕಿ ಯಾವುದೋ ಕುರಿಗೆ ಹೆಸರಿಟ್ಟಿದ್ದಾಳೆ ಎಂದು ಹಟ್ಟಿಯವರು ತಿಳಿದಿದ್ದಾರೆ. ತಿಳಿಯಲಿ. ಕೂಗಲು ನಾನೊಬ್ಬಳೇ ಇರುವುದು, ನನಗೂ ಕೆಮ್ಮು ಜಾಸ್ತಿಯಾಗಿದೆ.

ಮೊನ್ನೆ ಉಣ್ಣೆ ಹಿಂಜುತ್ತಾ ಅವಳು, ಅಜ್ಜಿ ನಿನ್ನ ಹೆಸರೇನು ಎಂದು ಕೇಳಿದಳು. ನೆನಪು ಮಾಡಿಕೊಳ್ಳಬೇಕಾಯಿತು. ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದವೆಲ್ಲ ಸತ್ತುಹೋದವೆಂದು, ಇದಾದರೂ ಉಳಿಯಲಿ ಎಂದು ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು ಇಟ್ಟ ಹೆಸರು. ಮದುವೆಯಾದ ಮೇಲೆ ಅದನ್ನೂ ಯಾರೂ ಕೂಗಲಿಲ್ಲ; ಮೊದಲು ಲೇ, ಆಮೇಲೆ ಅವ್ವ, ಈಗ ಅಜ್ಜಿ. ಬೇರೆ ಹೆಸರು ಬೇಕೆಂದು ಯಾರನ್ನಾದರೂ ಕೇಳಬಹುದು ಎಂಬುದೇ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಈಗ ಹೊಳೆದಿದೆ. ಹೋಗಿ ಕೇಳೋಣವೆಂದರೆ ಆ ಮೇಷ್ಟ್ರಿಗೆ ವರ್ಗವಾಗಿದೆ.