ಅಲ್ಪವಿರಾಮನ ಮನೆ ಆಫೀಸು

ಬೆಳಗಿನ ಏಳೂವರೆಗೆ ಅವನು ಊಟದ ಮೇಜಿನ ಮುಂದೆ ಕುಳಿತು, ಹಳೆಯ ಟೂತ್‌ಬ್ರಶ್ಶಿನಿಂದ ಲ್ಯಾಪ್‌ಟಾಪಿನ ಕೀಲಿಗಳ ಸಂದುಗಳನ್ನು ಉಜ್ಜುತ್ತಿದ್ದ. ಎದುರಿಗೆ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ಬ್ರಶ್ಶು ಒಂದೊಂದೇ ಸಾಲು ದಾಟಿಕೊಂಡು ಹೋಯಿತು. ಬ್ರೆಡ್ಡಿನ ಪುಡಿ, ಒಂದು ಉಗುರಿನ ಚೂರು, ಎಂದೋ ಸತ್ತ ಇರುವೆ, ಎಲ್ಲವೂ ಹೊರಬಂದು ಮೇಜಿನ ಮೇಲೆ ಬಿದ್ದವು. ಕೊನೆಯ ಸಾಲಿಗೆ ಬಂದಾಗ ಕೈ ಸ್ವಲ್ಪ ಜಾಸ್ತಿ ಒತ್ತಿತು. ಟಿಕ್ ಎಂದು ಒಂದು ಕೀಲಿ ಎದ್ದು, ಗಾಳಿಯಲ್ಲಿ ಪಲ್ಟಿ ಹೊಡೆದು, ಮೊದಲೇ ಗೊತ್ತುಮಾಡಿಕೊಂಡಿದ್ದಂತೆ ನೇರ ಹೋಗಿ ಸಿಂಕಿನ ತೂತಿನೊಳಕ್ಕೆ ಇಳಿಯಿತು.

"ಯಾವ್ದು ಹೋಯ್ತು?" ಎಂದಳು ಹೆಂಡತಿ.

ಅವನು ಬಗ್ಗಿ ನೋಡಿದ. "ಅಲ್ಪವಿರಾಮ."

ಅವಳು ದಿಂಬಿನ ಚೀಲವನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಫೀಸಿನಲ್ಲಿ ಅವಳ ಗಂಡನನ್ನು ಎಲ್ಲರೂ ಕರೆಯುತ್ತಿದ್ದುದೇ ಆ ಹೆಸರಿನಿಂದ.

ಔಷಧಿ ಡಬ್ಬಿಯೊಳಗೆ ಮಡಚಿಟ್ಟಿರುತ್ತಾರಲ್ಲ, ಯಾರೂ ಓದದ ತೆಳು ಕಾಗದ, ಅದರ ಕರಡು ತಿದ್ದುವುದು ಅವನ ಕೆಲಸ. ಒಬ್ಬರೇ ತಿದ್ದುವ ಹಾಗಿಲ್ಲ. ಜೋಡಿಯಲ್ಲಿ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಪ್ರತಿಯ ಮೇಲೆ ಬೆರಳಿಟ್ಟು ನೋಡಬೇಕು. ಓದುವವರು ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕು, ಸಿಕ್ಕಿದ ತಪ್ಪನ್ನು ಆಗಲೇ ಟೈಪು ಮಾಡಿ ತಿದ್ದಬೇಕು. "ತಲೆಸುತ್ತು, ಅಲ್ಪವಿರಾಮ, ವಾಂತಿ, ಅಲ್ಪವಿರಾಮ, ಕೂದಲು ಉದುರುವಿಕೆ, ಪೂರ್ಣವಿರಾಮ." ಹದಿನಾಲ್ಕು ವರ್ಷ ಹೀಗೆ ಓದಿ ಅವನ ಮಾತಿಗೇ ಎರಡು ಪದಕ್ಕೊಂದು ನಿಲುಗಡೆ ಬಂದುಬಿಟ್ಟಿತ್ತು. ಅವನ ಜೋಡಿಯಾಗಿದ್ದ ಹೆಂಗಸು ಒಂದು ವಾಕ್ಯದ ಮೇಲೆ ಇನ್ನೊಂದು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಆಕೆಯ ಹೆಸರು ಪೂರ್ಣವಿರಾಮ.

ಇಂಥ ಆರು ಜೋಡಿಗಳು ಆಫೀಸಿನ ಒಂದೇ ಹಾಲ್‌ನಲ್ಲಿ. ಆರು ಜನ ಒಟ್ಟಿಗೆ ಆರು ಕಾಯಿಲೆ ಓದುವಾಗ ಆ ಹಾಲ್ ಜ್ವರ ಬಂದ ಕೋಳಿಗೂಡಿನಂತೆ ಕೇಳಿಸುತ್ತಿತ್ತು. ಪಕ್ಕದ ಜೋಡಿಯ ಮಲಬದ್ಧತೆ ಇವನ ಕೆಮ್ಮಿನ ಸಿರಪ್ಪಿನೊಳಗೆ ಬಂದು ಬೆರೆಯುತ್ತಿತ್ತು. ಸಂಜೆ ಮನೆ ಸೇರಿದ ಮೇಲೂ ಒಂದು ಗಂಟೆ ಕಿವಿಯೊಳಗೆ ಯಾರೋ ಓದುತ್ತಲೇ ಇರುತ್ತಿದ್ದರು. ಅವನಿಗೆ ಬೇಕಾಗಿದ್ದು ದೊಡ್ಡದೇನಲ್ಲ. ತನ್ನ ದನಿ ಮಾತ್ರ ಕೇಳುವ ಒಂದು ಕೋಣೆ.

ಒಂಬತ್ತು ತಿಂಗಳು ಅರ್ಜಿ ಹಾಕಿ ಹಾಕಿ ಕೊನೆಗೆ ಮೇಲ್ವಿಚಾರಕಿ ಒಪ್ಪಿದ್ದರು. ಒಂದೇ ಒಂದು ಜೋಡಿಗೆ, ಅದೂ ಪರೀಕ್ಷೆ ಮಾಡಿ. ಇವತ್ತು ಸಂಜೆ ನಾಲ್ಕು ಗಂಟೆಗೆ ಅವನು ಮನೆಯಿಂದ ಅರ್ಧ ಗಂಟೆ ಓದಬೇಕು, ಆಫೀಸಿನಲ್ಲಿ ಪೂರ್ಣವಿರಾಮ ಕೇಳಿಸಿಕೊಂಡು ನೋಡಬೇಕು. ಲೈನು ಕಡಿಯಬಾರದು, ಕರೆಂಟು ಹೋದರೂ ಓದು ನಿಲ್ಲಬಾರದು, ಬೇರೆ ಸದ್ದು ಕೇಳಬಾರದು. ಒಂದು ತಪ್ಪಿದರೂ ಆ ಅವಕಾಶ ಮಲಬದ್ಧತೆಯ ಜೋಡಿಗೆ. ಸಾಮಾನಿಗೆಂದು ಆಫೀಸು ಕೊಟ್ಟ ಹಣದಲ್ಲಿ ಒಂದು ಒಳ್ಳೆಯ ಕುರ್ಚಿಯ ಮೂರು ಕಾಲು ಬರುತ್ತಿತ್ತು.

"ನನ್ನ ತಮ್ಮನ್ನ ಕರೀಲಾ?" ಎಂದಳು ಹೆಂಡತಿ.

ಬೇಡ ಎನ್ನುವಷ್ಟರಲ್ಲಿ ಅವನ ಬಾಯಿ ನಿಲುಗಡೆಯಲ್ಲಿ ಸಿಕ್ಕಿಕೊಂಡಿತು. ಅವಳು ಫೋನು ಮಾಡಿಯಾಗಿತ್ತು.

ಭಾವಮೈದ ಯಂತ್ರಗಳ ವಿಷಯದಲ್ಲಿ ಎಲ್ಲ ತಿಳಿದವನು. ಯಾವ ಸಾಮಾನಿಗೆ ಎಷ್ಟು ನಕ್ಷತ್ರ, ಯಾರು ಏನೆಂದು ಬೈದು ಬರೆದಿದ್ದಾರೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ತನಗೊಂದು ಫೋನು ಆರಿಸಲು ಮೂರು ವರ್ಷದಿಂದ ಓದುತ್ತಿದ್ದ. ಮುಂದಿನ ತಿಂಗಳು ಇನ್ನೂ ಒಳ್ಳೆಯದು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಇವತ್ತಿಗೂ ಅಕ್ಕನ ಹಳೆಯ ಫೋನನ್ನು ರಬ್ಬರ್ ಬ್ಯಾಂಡು ಹಾಕಿ ಇಟ್ಟುಕೊಂಡಿದ್ದ. ಅರ್ಧ ಗಂಟೆಯಲ್ಲಿ ಅವನು ಗೆಳೆಯನ ಅಂಗಡಿಯಿಂದ, ಹಿಡಿಸದಿದ್ದರೆ ಸಂಜೆಯೊಳಗೆ ವಾಪಸು ಎಂಬ ಕರಾರಿನ ಮೇಲೆ, ಎರಡು ಡಬ್ಬಿ ಹೊತ್ತು ತಂದ. ಒಂದರಲ್ಲಿ ತಂತಿಯಿಲ್ಲದ ಕೀಬೋರ್ಡು, ಇನ್ನೊಂದರಲ್ಲಿ ತಂತಿಯಿಲ್ಲದ ಹೆಡ್‌ಫೋನು.

"ತಂತಿ ಇರೋದನ್ನ ಈಗ ಯಾರೂ ಮುಟ್ಟಲ್ಲ ಭಾವ. ನೀವು ಓದಿ, ನಾನು ರೆಕಾರ್ಡ್ ಮಾಡಿ ಕೇಳಿಸ್ತೀನಿ. ದನಿ ಹೇಗೆ ಬರುತ್ತೆ ನೋಡಿ, ಗಂಟೆ ಹೊಡ್ದ ಹಾಗೆ."

ಅವನು ಕೈಗೆ ಸಿಕ್ಕಿದ ಅಜೀರ್ಣದ ಮಾತ್ರೆಯ ಕಾಗದ ಓದಿದ. ಭಾವಮೈದ ಗುಂಡಿ ಒತ್ತಿದ. ಹೆಡ್‌ಫೋನಿನಲ್ಲಿ ಏನೂ ಕೇಳಿಸಲಿಲ್ಲ. ಸದ್ದು ಏರಿಸಿದ. ಇಲ್ಲ. ಪೂರ್ತಿ ಏರಿಸಿ ಮತ್ತೆ ಮೊದಲಿನಿಂದ ಹಾಕಿದ. ಮೂರು ಸಲ ಹಾಕಿದ. ಹೆಡ್‌ಫೋನು ಕಲ್ಲಿನಂತೆ ಕುಳಿತಿತ್ತು.

ದನಿ ಎಲ್ಲಿಗೆ ಹೋಗುತ್ತಿತ್ತು ಎಂದು ತಿಳಿದದ್ದು ಬಾಗಿಲು ಬಡಿದ ಮೇಲೆ. ಎದುರು ಮನೆಯ ಟೈಲರ್ ಅಕ್ಕ, ಕೊರಳಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ. ಸೂಜಿಗಳನ್ನು ಒಂದೊಂದೇ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡು ಆಕೆ ವಿಷಯ ಹೇಳಿದಳು. ಆಕೆಯ ಮನೆಯಲ್ಲಿ ಹಾಡು ಕೇಳಲು ಇಟ್ಟುಕೊಂಡ ಸ್ಪೀಕರಿಗೆ ಈ ಕಂಪ್ಯೂಟರ್ ತಾನಾಗಿಯೇ ಹೋಗಿ ಅಂಟಿಕೊಂಡಿತ್ತು. ಕೆಳಗಿನ ಬ್ಯಾಂಕಿನ ಕ್ಯಾಷಿಯರಮ್ಮ ಹೊಸ ಬಟ್ಟೆಗೆ ಅಳತೆ ಕೊಡಲು ಬಂದಿದ್ದರು. ಟೇಪು ಸೊಂಟ ಸುತ್ತುವ ಹೊತ್ತಿಗೆ ಸರಿಯಾಗಿ, ಗೋಡೆ ನಡುಗುವಂತೆ, ಒಬ್ಬ ಗಂಡಸು ನಿಧಾನವಾಗಿ ಹೇಳಿದ್ದ: ಹೊಟ್ಟೆ ಉಬ್ಬರ. ಸ್ವಲ್ಪ ತಡೆದು: ದೇಹದ ತೂಕ ಹೆಚ್ಚಳ. ಅದನ್ನೇ ಮೂರು ಸಲ.

"ಬಟ್ಟೆ ಇಸ್ಕೊಂಡು ಹೋಗ್ಬಿಟ್ರು," ಎಂದಳು ಟೈಲರ್ ಅಕ್ಕ. "ವರ್ಷಕ್ಕೆ ಹತ್ತು ಜೊತೆ ಹೊಲಿಸ್ತಿದ್ದವರು. ನೀವೇ ಹೋಗಿ ಹೇಳಿ, ಅದು ಅವರ ಹೊಟ್ಟೆ ಅಲ್ಲ ಅಂತ. ಅಲ್ಲೀವರೆಗೂ ನಾನು ಮೆಷಿನ್ ನಿಲ್ಸಲ್ಲ. ನಿಮ್ಮ ಮನೆಯವರು ಹೇಳಿದ ನಾಲ್ಕು ಗಂಟೆಗೂ ನಿಲ್ಸಲ್ಲ."

ಆಕೆಯ ಹೊಲಿಗೆ ಯಂತ್ರದ ಸದ್ದು ಎದುರಿನಿಂದ ಬಂದರೆ ಮೂರನೆಯ ಷರತ್ತು ಮುರಿದ ಹಾಗೆಯೇ. ಅವನು ಚಪ್ಪಲಿ ಮೆಟ್ಟಿ ಬ್ಯಾಂಕಿಗೆ ಹೋದ. ಸಾಲಿನಲ್ಲಿ ಮುಂದೆ ಏಳು ಜನ, ಹಿಂದೆ ಐದು. ಸರದಿ ಬಂದಾಗ ಗಾಜಿನ ಕಿಂಡಿಗೆ ಬಾಯಿಟ್ಟು ಅವನು ಬಹಳ ವಿನಯದಿಂದ ಆರಂಭಿಸಿದ. ನಿಮ್ಮ ಹೊಟ್ಟೆ, ಎಂದು ಅಭ್ಯಾಸಬಲದಿಂದ ನಿಂತ. ಹಿಂದಿನ ಐದು ಜನವೂ ಕ್ಯಾಷಿಯರಮ್ಮನ ಹೊಟ್ಟೆಯ ಕಡೆ ನೋಡಿದರು. ಅದು ಉಬ್ಬರ, ಎಂದು ಮತ್ತೆ ನಿಂತ. ಅಲ್ಲ, ಎಂಬ ಪದ ಬರುವಷ್ಟರಲ್ಲಿ ಕಿಂಡಿ ಮುಚ್ಚಿ ಅದರ ಮೇಲೆ 'ಪಕ್ಕದ ಕೌಂಟರಿಗೆ ಹೋಗಿ' ಎಂಬ ಹಲಗೆ ಬಂದಿತ್ತು.

ಅವನು ತಿರುಗಿ ಬಂದಾಗ ಹನ್ನೊಂದು ಗಂಟೆ. ಮನೆಯಲ್ಲಿ ಮೂರನೆಯ ಮಹಡಿಯ ಲಿಫ್ಟ್ ಮೇಸ್ತ್ರಿ ತಾತ ಕುಳಿತಿದ್ದ. ಆತ ಮೂವತ್ತು ವರ್ಷ ಲಿಫ್ಟು ರಿಪೇರಿ ಮಾಡಿ ನಿವೃತ್ತನಾದವನು, ಆದರೆ ಹತ್ತಿ ಇಳಿಯುವುದೆಲ್ಲ ಮೆಟ್ಟಿಲಿನಲ್ಲೇ. ಯಾಕೆಂದು ಕೇಳಿದರೆ, ನಾನು ಅದನ್ನ ಒಳಗಿಂದ ನೋಡಿದ್ದೀನಿ, ಎನ್ನುತ್ತಿದ್ದ. ಮೂರು ಸಲ ಕೇಳಿಬಂದ ಹೊಟ್ಟೆ ಉಬ್ಬರದ ಸುದ್ದಿ ತಿಳಿದು ಅವನೇ ಇಳಿದು ಬಂದಿದ್ದ.

ತಾತನ ಲೆಕ್ಕ ಸರಳ. ಕೆಡುವಂಥ ಭಾಗ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯ ಸಾಮಾನು. ಹೊಳೆಯುವುದೆಲ್ಲ ಹೆಚ್ಚುವರಿ ಭಾಗ. ಭಾವಮೈದ ಆ ಕೀಬೋರ್ಡಿಗೆ ನಾಲ್ಕೂವರೆ ನಕ್ಷತ್ರ ಬಂದಿದೆ ಎಂದ. ನಕ್ಷತ್ರ ಕೊಟ್ಟವರು ಅದನ್ನು ಎಷ್ಟು ವರ್ಷ ಬಳಸಿ ಕೊಟ್ಟರು ಎಂದು ತಾತ ಕೇಳಿದ. ಡಬ್ಬಿ ಬಿಚ್ಚಿದ ದಿನವೇ ಎಂದು ಒಪ್ಪಿಕೊಳ್ಳಬೇಕಾಯಿತು. ಇಬ್ಬರೂ ತಿರುಗಿ ಅವನ ಮುಖ ನೋಡಿದರು. ಅವನು ಹೆಂಡತಿಯ ಮುಖ ನೋಡಿದ.

"ತಂತಿ ಇರೋದೇ ತಗೊಳ್ಳಿ," ಎಂದಳು ಅವಳು, ಮಡಚಿದ ಬಟ್ಟೆ ಎತ್ತಿಡುತ್ತ. "ನಿಮ್ಮ ಕನ್ನಡಕವನ್ನೇ ದಿನಕ್ಕೆ ನಾಲ್ಕು ಸಲ ಹುಡುಕಿಕೊಡ್ತೀನಿ. ತಂತಿ ಇದ್ರೆ ಹಿಡಿದು ಎಳೆದರೆ ಸಾಕು."

ಅಲ್ಲಿಗೆ ತೀರ್ಮಾನವಾಯಿತು. ತಾತನ ಮನೆಯಲ್ಲಿ ಯಾವುದೋ ಆಫೀಸು ಮುಚ್ಚಿದಾಗ ತಂದಿಟ್ಟ ಮೇಜಿನ ಕಂಪ್ಯೂಟರ್ ಇತ್ತು, ಪೆಟ್ಟಿಗೆಯಂಥದ್ದು, ಹನ್ನೊಂದು ವರ್ಷದಿಂದ ಒಂದು ದಿನವೂ ಕೆಟ್ಟಿರಲಿಲ್ಲ. ಇಟ್ಟಿಗೆಯಷ್ಟು ಭಾರದ ಕೀಬೋರ್ಡು. ವಿಮಾನ ಓಡಿಸುವವರು ಹಾಕಿಕೊಳ್ಳುವಂಥ, ತಂತಿಯ ಹೆಡ್‌ಫೋನು. ಇವುಗಳ ಜೊತೆಗೆ, ಕರೆಂಟು ಹೋದಾಗ ಲಿಫ್ಟು ನಡುವೆ ನಿಲ್ಲದಿರಲೆಂದು ಇಡುವ ಬ್ಯಾಟರಿಗಳು ಎರಡು. ಎಲ್ಲವನ್ನೂ ಆಫೀಸು ಕೊಟ್ಟ ಹಣಕ್ಕೇ ಕೊಡಲು ತಾತ ಒಪ್ಪಿದ, ಲಿಫ್ಟಿನಲ್ಲಿ ಇಳಿಸಬಾರದೆಂಬ ಒಂದೇ ಷರತ್ತಿನ ಮೇಲೆ. ಭಾವಮೈದ ಮತ್ತು ಅವನು ಬ್ಯಾಟರಿ ಹೊತ್ತು ಮೆಟ್ಟಿಲು ಇಳಿಯುವುದನ್ನು ಕಟ್ಟಡದವರೆಲ್ಲ ಬಾಗಿಲು ತೆರೆದು ನೋಡಿದರು. ಯಾರು ತೀರಿಕೊಂಡರು ಎಂದು ಒಬ್ಬರು ಮೆಲ್ಲಗೆ ಕೇಳಿದರು.

ಮಧ್ಯಾಹ್ನ ಎರಡಕ್ಕೆ ತಾತ ಮೇನ್ ಸ್ವಿಚ್ಚು ಆರಿಸಿ ಪರೀಕ್ಷೆ ಮಾಡಿದ. ಕಂಪ್ಯೂಟರ್ ಅಲುಗಲಿಲ್ಲ. ಆದರೆ ಬ್ಯಾಟರಿ, ಕರೆಂಟು ಹೋಗಿದೆ ಎಂದು ತಿಳಿಸಲು, ನಾಲ್ಕು ಸೆಕೆಂಡಿಗೊಮ್ಮೆ ತಾಯಿ ಕಾಣದ ಕೋಳಿಮರಿಯಂತೆ ಕೂಗತೊಡಗಿತು. ತಾತ ಮುಚ್ಚಳ ಬಿಚ್ಚಿ ಒಂದು ತಂತಿ ಕತ್ತರಿಸಿದ. ಕೋಳಿಮರಿ ಸುಮ್ಮನಾಯಿತು.

ಉಳಿದದ್ದು ಲೈನು. ಒಂದೇ ಲೈನನ್ನು ನಂಬಿಕೊಂಡು ಕೂರಬೇಡಿ, ಒಂದು ಕಡಿದರೆ ಇನ್ನೊಂದು ಹಿಡಿಯಬೇಕು, ಲಿಫ್ಟಿಗೆ ನಾಲ್ಕು ಹಗ್ಗ ಇರುತ್ತದೆ ಎಂದ ತಾತ. ಎರಡನೆಯ ಲೈನಿದ್ದದ್ದು ಟೈಲರ್ ಅಕ್ಕನ ಮನೆಯಲ್ಲಿ. ಹೆಂಡತಿಯೇ ಹೋದಳು. ಒಳಗೆ ಏನು ಮಾತಾಯಿತೋ, ಇಪ್ಪತ್ತು ನಿಮಿಷದ ಮೇಲೆ ಇಬ್ಬರೂ ನಗುತ್ತ ಹೊರಬಂದರು. ಟೈಲರ್ ಅಕ್ಕನ ಕೈಯಲ್ಲಿ ಬ್ಯಾಟರಿಗೆ ಜೋಡಿಸಲು ತನ್ನ ಲೈನಿನ ಪೆಟ್ಟಿಗೆ ಮತ್ತು ತಂತಿಯ ಸುರುಳಿ, ಹೆಂಡತಿಯ ಕೊರಳಲ್ಲಿ ಅಳತೆಯ ಟೇಪು. ಕ್ಯಾಷಿಯರಮ್ಮನ ಬದಲು ಇನ್ನು ಮುಂದೆ ವರ್ಷಕ್ಕೆ ಹತ್ತು ಜೊತೆ ಯಾರು ಹೊಲಿಸುತ್ತಾರೆ ಎಂದು ಅವನು ಕೇಳಲು ಹೋಗಲಿಲ್ಲ.

ನಾಲ್ಕು ಗಂಟೆ. ಟೈಲರ್ ಅಕ್ಕ ಯಂತ್ರ ನಿಲ್ಲಿಸಿ ಇವರ ಸೋಫಾದ ತುದಿಯಲ್ಲಿ ಕೈಕಟ್ಟಿ ಕುಳಿತಳು. ಭಾವಮೈದ ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡ. ತಾತ ಬ್ಯಾಟರಿಯ ಪಕ್ಕ ಕೂತು ಅದರ ಬೆನ್ನ ಮೇಲೆ ಕೈಯಿಟ್ಟ, ಹಸುವಿನ ಪಕ್ಕ ಕೂತವನ ಹಾಗೆ. ಹೆಂಡತಿ ನಲ್ಲಿ ತೊಟ್ಟಿಕ್ಕದಂತೆ ಅದಕ್ಕೊಂದು ಬಟ್ಟೆ ಕಟ್ಟಿದಳು. ಆಫೀಸಿನಿಂದ ಮೇಲ್ವಿಚಾರಕಿ, ತಮ್ಮ ಮೊಬೈಲಿನಿಂದ ತಾವೂ ಕೇಳುತ್ತಿರುವುದಾಗಿ ಹೇಳಿ, ಶುರುಮಾಡಿ ಎಂದರು.

ಅವನು ಓದಿದ. ಹೃದ್ರೋಗದ ಮಾತ್ರೆ, ನಾಲ್ಕು ಪುಟ. ಕೋಣೆಯಲ್ಲಿ ಅವನ ದನಿ ಬಿಟ್ಟರೆ ಏನೂ ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ತಾನು ಓದುತ್ತಿರುವುದು ಅರ್ಥವಾಯಿತು. ಎಷ್ಟು ಚೆನ್ನಾಗಿ ಬರೆದಿದ್ದಾರೆ ಎನಿಸಿತು. ಉಸಿರಾಟದ ತೊಂದರೆ ಎಂಬಲ್ಲಿ ಅವನ ಕಣ್ಣೇ ತುಂಬಿತು. ಎರಡನೆಯ ಪುಟದಲ್ಲಿ ಕಟ್ಟಡದ ಕರೆಂಟು ಹೋಯಿತು. ತಾತನ ಕೈ ಬ್ಯಾಟರಿಯನ್ನು ಒಮ್ಮೆ ಸವರಿತು. ಅವನು ಓದುತ್ತಲೇ ಹೋದ. ಮೂರನೆಯ ಪುಟದಲ್ಲಿ ಅವನ ಲೈನು ಕಡಿಯಿತು, ಟೈಲರ್ ಅಕ್ಕನ ಲೈನು ಹಿಡಿದುಕೊಂಡಿತು. ಒಂದು ಅಕ್ಷರವೂ ನುಂಗಿಹೋಗಲಿಲ್ಲ.

ಕೊನೆಯ ಪೂರ್ಣವಿರಾಮ ಓದಿ ಅವನು ಕಡತ ಮುಚ್ಚಿದ. ಮೇಲ್ವಿಚಾರಕಿಯ ದನಿ ಬಂತು.

"ಇಡೀ ಬಡಾವಣೆಗೇ ಕರೆಂಟ್ ಹೋಗಿದೆ. ಇಲ್ಲಿ ನಮ್ಮ ಜನರೇಟರ್ ಸುಟ್ಟುಹೋಯ್ತು, ಕಂಪ್ಯೂಟರ್ ಎಲ್ಲ ಮಲಗಿವೆ. ನಾನು ಮೊಬೈಲಿನಲ್ಲಿ ಕೇಳ್ತಿದ್ದೆ. ನೀವೊಬ್ಬರೇ ನಿಲ್ಲಿಸ್ಲಿಲ್ಲ. ಪಾಸ್. ಇವತ್ತಿಂದಲೇ ನಿಮ್ಮ ಕೆಲಸ ಮನೆಯಿಂದ."

ಭಾವಮೈದ ಬೂಟು ಕೆಳಗಿಟ್ಟು ಭಾವನ ಕೈ ಕುಲುಕಿದ. ಟೈಲರ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಎದ್ದು ಕಿಟಕಿಯ ಹತ್ತಿರ ನಿಂತ. ಕೋಣೆ ಎಷ್ಟು ಶಾಂತವಾಗಿತ್ತೆಂದರೆ ಪರದೆಯ ಬಟ್ಟೆ ಗೋಡೆಗೆ ತಾಗುವುದು ಕೇಳುತ್ತಿತ್ತು. ಹೀಗೆಯೇ ಇನ್ನು ನಿವೃತ್ತಿಯವರೆಗೂ, ಎಂದುಕೊಂಡ. ಹತ್ತು ನಿಮಿಷ ಹಾಗೆಯೇ ನಿಂತಿದ್ದ. ಆಮೇಲೆ ಫೋನು ಬಂತು.

ಮೇಲ್ವಿಚಾರಕಿ ಮೇಲಿನವರ ಜೊತೆ ಮಾತಾಡಿದ್ದರು. ಹೊಸ ಜನರೇಟರ್, ಹೊಸ ವೈರಿಂಗು, ಹೊಸ ಲೈನು ಎಂದರೆ ಕೋಟಿಯ ಮಾತು, ಎರಡು ವರ್ಷದ ಕೆಲಸ. ಅದಕ್ಕಿಂತ ಕಡಿಮೆ ಖರ್ಚಿನ, ಕೈಕೊಡದ ಏರ್ಪಾಡೊಂದು ಆಗಲೇ ಇದೆಯೆಂದು ಅವರು ಮೇಲಿನವರಿಗೆ ವರದಿ ಕೊಟ್ಟಿದ್ದರು. ಮೇಲಿನವರಿಗೆ ಬಹಳ ಸಂತೋಷವಾಗಿತ್ತು. ಹಾಲ್‌ನ ಬಾಡಿಗೆಯೂ ಉಳಿಯುತ್ತದೆ. ಬ್ಯಾಟರಿ ಎಷ್ಟು ಜನಕ್ಕೆ ಸಾಕಾಗುತ್ತದೆ ಎಂದು ಅವರು ಕೇಳಿದ್ದಕ್ಕೆ, ಫೋನಿನ ಪಕ್ಕದಲ್ಲೇ ಇದ್ದ ತಾತ ಹೆಮ್ಮೆಯಿಂದ, ಇಪ್ಪತ್ತು ಜನ ಬಂದ್ರೂ ಹೊರುತ್ತೆ, ಎಂದುಬಿಟ್ಟ.

ಐದು ಗಂಟೆಗೆ ಬಾಗಿಲು ಬಡಿಯಿತು. ಹನ್ನೊಂದು ಜನ, ಹನ್ನೊಂದು ಕಡತ, ಹಿಂದೆ ಸಹಿ ಪುಸ್ತಕ ಹಿಡಿದ ಮೇಲ್ವಿಚಾರಕಿ. ಮಧುಮೇಹದ ಜೋಡಿ ಸೋಫಾ ಹಿಡಿಯಿತು, ಚರ್ಮರೋಗದ ಜೋಡಿ ಮಂಚ ಹಿಡಿಯಿತು. ಮಲಬದ್ಧತೆಯ ಜೋಡಿಗೆ ಅಡುಗೆಮನೆ ಸಿಕ್ಕಿತು. ಪೂರ್ಣವಿರಾಮ ಒಳಗೆ ಬಂದು ಸುತ್ತ ನೋಡಿ, "ಚೆನ್ನಾಗಿದೆ," ಎಂದು ಅವನ ಕುರ್ಚಿಯ ಎದುರಿನ ಕುರ್ಚಿಯಲ್ಲಿ ಕುಳಿತಳು. ಅವನ ಕುರ್ಚಿಯಲ್ಲಿ ಮೇಲ್ವಿಚಾರಕಿ ಕುಳಿತರು. ನಿಂತುಹೋಗಿದ್ದ ಕೆಲಸ ಸಂಜೆಯೊಳಗೆ ಮುಗಿಯಬೇಕಿತ್ತು. ಆರು ಕಡೆಯಿಂದ ಓದು ಶುರುವಾಯಿತು. ಆಫೀಸಿನ ಹಾಲ್‌ನ ಛಾವಣಿಯಾದರೂ ಎತ್ತರವಾಗಿತ್ತು.

ಅವನು ತನ್ನ ಕಡತ ಎದೆಗವಚಿಕೊಂಡು ಮೇಜಿಗೂ ಬ್ಯಾಟರಿಗೂ ನಡುವೆ ಒಂಟಿಕಾಲಲ್ಲಿ ನಿಂತು, ಸೋಫಾದವರ ಕಡೆ ಬಗ್ಗಿದ.

"ಸ್ವಲ್ಪ, ಸರಿದು, ಕೂತ್ಕೋತೀರಾ."