ಬೀಗರು ಯಾವೂರವರು?

ನಾನು ಈವರೆಗೆ ಯಾರ ಜಾತಿಯನ್ನೂ ಕೇಳಿದವನಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ಅಷ್ಟಕ್ಕೂ ಮುಖ ನೋಡಿ ನೆಟ್ಟಗೆ ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ. ರೋಣದ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಮೊದಲು 'ಯಾವೂರ್ರಿ?' ಎನ್ನುತ್ತಾರೆ. ಆಮೇಲೆ 'ಅಡ್ಡಹೆಸರೇನ್ರಿ?', ಅದಾದ ಮೇಲೆ 'ಮನಿದೇವ್ರು ಯಾವ್ದ್ರಿ?', ಕಡೆಗೆ 'ಬೀಗರು ಯಾವೂರವ್ರು?' ಅಷ್ಟರಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿರುತ್ತದೆ, ತೃಪ್ತಿಯಿಂದ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುತ್ತಾರೆ. ಜಾತಿ ಎಂಬ ಶಬ್ದ ಮಾತ್ರ ಎಲ್ಲೂ ಬಂದಿರುವುದಿಲ್ಲ. ಇಂಥ ಮರ್ಯಾದಸ್ಥರ ನಡುವೆ ಬೆಳೆದ ನನ್ನ ಕೊರಳಿಗೆ ಹೋದ ತಿಂಗಳು ಪ್ರದೀಪ ಎಂಬ ಹುಡುಗ ಗಂಟುಬಿದ್ದ.

ಪ್ರದೀಪ ಮೈಸೂರು ಕಡೆಯವನು, ಸಂಶೋಧನೆ ಮಾಡುತ್ತಿದ್ದಾನೆ. ಹತ್ತನೆಯ ತರಗತಿಯ ನಂತರ ಯಾವ ಯಾವ ಜಾತಿಯ ಹೆಣ್ಣುಮಕ್ಕಳು ಓದು ಬಿಡುತ್ತಾರೆ, ಏಕೆ ಬಿಡುತ್ತಾರೆ ಎಂಬುದು ಅವನ ವಿಷಯ. ನರಗುಂದದಲ್ಲಿ ನಾನು ಪಾಠ ಮಾಡುವ ಕಾಲೇಜಿಗೆ ಬಂದು, "ಸರ್, ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಿಮಗೆ ಪರಿಚಯ ಇದೆಯಂತೆ. ಜಾತಿಯ ಕಾಲಂ ಒಂದನ್ನ ನೀವು ಕೇಳಿಕೊಡಿ, ನಾನು ಕೇಳಿದರೆ ಬಾಗಿಲು ಹಾಕ್ತಾರೆ" ಎಂದ. "ಅದನ್ನ ಕೇಳಲೇಬೇಕೇನಪಾ?" ಎಂದೆ. "ಕೇಳದೇ ಹೋದ್ರೆ ಯಾರ ಮನೆ ಮಕ್ಕಳು ಹಿಂದೆ ಉಳಿದಿದ್ದಾರೆ ಅಂತ ಗೊತ್ತಾಗೋದು ಹೇಗೆ ಸರ್? ಕ್ಲಾಸಲ್ಲಿ ಇರೋರನ್ನ ಎಣಿಸಬಹುದು, ಇಲ್ಲದೇ ಇರೋರನ್ನ?" ಎಂದ. ಮಾತು ಖರೆ ಇತ್ತು. ಖರೆ ಮಾತಿಗೆ ಎದುರಾಡಲು ಬರದೆ ಒಪ್ಪಿಕೊಂಡೆ.

ಪರಿಚಯ ಎಂದು ಅವನು ಅಂದನಲ್ಲ, ಅದು ಸಣ್ಣ ಮಾತು. ನನ್ನ ಊರು ಸವಡಿ. ಅಪ್ಪನದು ಕಾಳುಕಡಿಯ ವ್ಯಾಪಾರ. ಹೈಸ್ಕೂಲು ಕಲಿಯಲು ನನ್ನನ್ನು ಗಜೇಂದ್ರಗಡಕ್ಕೆ ಕಳಿಸಿ, ನೇಕಾರರ ಓಣಿಯಲ್ಲಿ ಒಂದು ಖೋಲಿ ಹಿಡಿದುಕೊಟ್ಟಿದ್ದ. ಎದುರು ಮನೆ ಗೌರವ್ವನದು. ಅವಳ ಮಗ ಶಂಕ್ರಪ್ಪ ನನ್ನದೇ ತರಗತಿ. ಬೆಳಗಾಗುವ ಮೊದಲೇ ಓಣಿಯ ತುಂಬ ಮಗ್ಗಗಳು ಲಟಕ್ ಪಟಕ್ ಎನ್ನತೊಡಗುತ್ತಿದ್ದವು. ಮೊದಲ ವಾರ ಆ ಸಪ್ಪಳಕ್ಕೆ ನಿದ್ದೆ ಬರಲಿಲ್ಲ. ಆಮೇಲೆ ರಜೆಗೆ ಸವಡಿಗೆ ಹೋದಾಗ ಆ ಸಪ್ಪಳವಿಲ್ಲದೆ ನಿದ್ದೆ ಬರಲಿಲ್ಲ. ನಾನು ಸ್ಟೋವಿನ ಮೇಲೆ ಬೇಯಿಸಿಕೊಂಡ ಅನ್ನವನ್ನು ಒಮ್ಮೆ ಗೌರವ್ವ ನೋಡಿದಳು. "ಇದನ್ನ ನೂಲಿಗೆ ಗಂಜಿ ಹಾಕಾಕ ತಗೋತೀವಿ, ನೀ ಬಾ, ರೊಟ್ಟಿ ತಿನ್ನು" ಎಂದಳು. ಅಲ್ಲಿಂದ ಮೆಟ್ರಿಕ್ ಮುಗಿಯುವ ತನಕ ನಾನು ಅವಳ ಒಲೆಯ ಮುಂದೆಯೇ ಉಂಡೆ. ಊರಿಗೆ ಹೋದಾಗ ಅವ್ವ 'ಹೊಟ್ಟಿ ತುಂಬ ಉಣ್ತೀಯಿಲ್ಲೋ?' ಎಂದು ಕೇಳುತ್ತಿದ್ದಳೇ ಹೊರತು ಯಾರ ಮನೆಯಲ್ಲಿ ಎಂದು ಕೇಳುತ್ತಿರಲಿಲ್ಲ. ಎಷ್ಟು ಒಳ್ಳೆಯ ಕಾಲ, ಯಾರೂ ಏನೂ ಕೇಳುತ್ತಿರಲಿಲ್ಲ ಎಂದು ನಾನು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ಈಗ ಅದೇ ಒಲೆಯ ಮುಂದೆ ಕುಳಿತು 'ನಿಮ್ಮದು ಯಾವ ಜಾತಿ?' ಎನ್ನುವುದು ಹೇಗೆ? ನೇಕಾರರು ಎಂದು ಗೊತ್ತು. ಆದರೆ ನೇಕಾರರಲ್ಲೇ ಎಷ್ಟೋ ಪಂಗಡ, ಪ್ರದೀಪನಿಗೆ ಅದೇ ಬೇಕು. ಎರಡು ದಿನ ಒದ್ದಾಡಿ ಒಂದು ಉಪಾಯ ಮಾಡಿದೆ. ಹೋಗುವ ಮೊದಲೇ ಫೋನಿನಲ್ಲಿ ಸುತ್ತುಬಳಸಿ ತಿಳಿದುಕೊಂಡುಬಿಟ್ಟರೆ ಮುಖ ನೋಡಿ ಕೇಳುವ ಪ್ರಸಂಗವೇ ಬರುವುದಿಲ್ಲ! ಶಂಕ್ರಪ್ಪನಿಗೆ ಫೋನು ಹಚ್ಚಿದೆ. "ಶಂಕ್ರಪ್ಪಾ, ಮೈಸೂರ ಕಡಿಂದ ಒಬ್ಬ ಹುಡುಗ ಬಂದಾನ. ಭಾಳ ಚಲೋ ಹುಡುಗ, ಕಲ್ತಾನ. ಐತವಾರ ನಿಮ್ಮನಿಗೆ ಕರಕೊಂಡ ಬರ್ತೀನಿ. ನಿನ್ನ ಮಗಳು ಭಾಗ್ಯಾನೂ ಮನ್ಯಾಗ ಇರಲಿ, ಅಕೀ ಕೂಡನೂ ಮಾತಾಡ್ತಾನ. ಅದಿರಲಿ, ನಿಮ್ಮ ಮನಿದೇವ್ರು ಯಾವುದು? ಬೀಗರು ಯಾವೂರವ್ರು?" ಶಂಕ್ರಪ್ಪ ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ನೀ ಕರಕೊಂಡ ಬರ್ತಿ ಅಂದಮ್ಯಾಗ ನಾ ಏನ್ ನೋಡ್ಲಿ? ಬಾ, ಕುಂತ ಮಾತಾಡೂಣು" ಎಂದ. ನನ್ನ ಉಪಾಯ ಫಲಿಸಲಿಲ್ಲವಲ್ಲ ಎಂದಷ್ಟೇ ನನಗೆ ಬೇಸರವಾಯಿತು.

ಐತವಾರ ಪ್ರದೀಪನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಪರವೂರಿನ ಹುಡುಗ, ಬೇಸರವಾಗಬಾರದೆಂದು ದಾರಿಯುದ್ದಕ್ಕೂ ಮಾತಾಡಿಸಿದೆ. ಅಕ್ಕನನ್ನು ಎಲ್ಲಿಗೆ ಕೊಟ್ಟಿದ್ದೀರಿ, ಹಬ್ಬಕ್ಕೆ ಏನು ಅಡುಗೆ, ಅಜ್ಜ ಏನು ಮಾಡಿಕೊಂಡಿದ್ದರು, ಹೀಗೆ ಲೋಕಾಭಿರಾಮ. ಆಮೇಲೆ ನಾನು ಕಿಟಕಿಗೆ ತಲೆ ಆನಿಸಿ ಚೆನ್ನಾಗಿ ನಿದ್ದೆ ಮಾಡಿದೆ.

ಓಣಿಗೆ ಕಾಲಿಟ್ಟಾಗ ಮಗ್ಗಗಳ ಸಪ್ಪಳ ಕಡಿಮೆಯಾಗಿದ್ದು ನೋಡಿ ಮನಸ್ಸು ಮುದುಡಿತು. ಮೊದಲು ಮನೆಗೊಂದು ಇದ್ದದ್ದು ಈಗ ಅಲ್ಲೊಂದು ಇಲ್ಲೊಂದು. ಆದರೆ ಪ್ರತಿ ಬಾಗಿಲಲ್ಲೂ ಹೆಂಗಸರು ನಿಂತು ಪ್ರದೀಪನನ್ನು ಅಡಿಯಿಂದ ಮುಡಿಯ ತನಕ ನೋಡುತ್ತಿದ್ದರು. "ಜನ ಎಷ್ಟು ಸಹಕಾರ ಕೊಡ್ತಿದ್ದಾರೆ ಸರ್" ಎಂದು ಅವನು ಖುಷಿಪಟ್ಟ. ಶಂಕ್ರಪ್ಪನ ಪಡಸಾಲೆಯಲ್ಲಿ ಹೊಸ ಜಮಖಾನೆ ಹಾಸಿತ್ತು. ಗೌರವ್ವ ಗೋಡೆಗೆ ಆತು ಕುಳಿತಿದ್ದಳು. ಮುಪ್ಪು ಬಂದಿದ್ದರೂ ಕಣ್ಣು ಅದೇ. ತಟ್ಟೆಯಲ್ಲಿ ಶಿರಾ ಬಂತು. ನಮ್ಮ ಕಡೆ ಸುಮ್ಮನೆ ಬಂದವರಿಗೆ ಚುರುಮುರಿ ನೆನೆಸಿ ಒಗ್ಗರಿಸಿದ ಸುಸ್ಲಾ ಕೊಡುತ್ತಾರೆ, ಶಿರಾ ಕೊಡುವುದಿಲ್ಲ. ತುಪ್ಪ ಸೋರುವ ಶಿರಾ ನೋಡಿಯಾದರೂ ನನಗೆ ತಿಳಿಯಬೇಕಿತ್ತು. ಹಳೆಯ ಪ್ರೀತಿ ಎಂದುಕೊಂಡು ಎರಡನೆಯ ಸಲ ಹಾಕಿಸಿಕೊಂಡೆ.

ಪ್ರದೀಪ ತನ್ನ ಟ್ಯಾಬು ತೆಗೆದು ಶುರುಮಾಡಿದ. "ಮನೆ ಸ್ವಂತದ್ದಾ? ಮಗ್ಗ ಎಷ್ಟು? ಹೊಲ ಏನಾದರೂ?" ಶಂಕ್ರಪ್ಪ ಎಲ್ಲದಕ್ಕೂ ನನ್ನ ಮುಖ ನೋಡಿಯೇ ಉತ್ತರ ಕೊಟ್ಟ, 'ಎಷ್ಟು ಬಿರುಸು ಅದಾನಲ್ಲೋ ನಿನ್ನ ಹುಡುಗ' ಎನ್ನುವಂತೆ. "ಮಗಳು ಎಲ್ಲಿ?" ಎಂದ ಪ್ರದೀಪ. ಒಳಗಿನಿಂದ ಭಾಗ್ಯ ಚಹಾದ ಕಪ್ಪುಗಳನ್ನು ಹಿಡಿದು ಬಂದಳು. ಪಿಯುಸಿ ಎರಡನೆಯ ವರ್ಷದ ಹುಡುಗಿ, ಅಪ್ಪ ನೇಯ್ದ ಕೆಂಪಂಚಿನ ಸೀರೆ, ತಲೆತುಂಬ ಮಲ್ಲಿಗೆ. ಕಣ್ಣು ಅತ್ತು ಅತ್ತು ಊದಿದ್ದವು. ಪ್ರದೀಪ ತಲೆ ಎತ್ತದೆ ಕೇಳಿದ: "ದಿನಾ ಮನೆಗೆಲಸ ಮಾಡ್ತೀರಾ? ಅಡುಗೆ?" ಬಾಗಿಲ ಹಿಂದಿನಿಂದ ಅವಳ ತಾಯಿ, "ಎಲ್ಲಾ ಬರ್ತೈತ್ರಿ, ಹೋಳಿಗಿನೂ ಮಾಡ್ತಾಳ್ರಿ!" ಎಂದಳು. "ಮುಂದೆ ಏನು ಮಾಡ್ಬೇಕು ಅಂತಿದ್ದೀರಾ?"

ಭಾಗ್ಯ ಕಪ್ಪುಗಳನ್ನು ಟಕ್ಕನೆ ಕೆಳಗಿಟ್ಟಳು. "ಧಾರವಾಡಕ್ಕ ಹೋಗಿ ಬಿ.ಎಸ್ಸಿ. ಮಾಡ್ತೀನ್ರಿ. ನಿನ್ನಿ ಮುಂಜಾನಿಂದ ಅವ್ವ, ಇನ್ನ ಸಾಲಿ ಸಾಕು, ಪುಸ್ತಕ ಕಟ್ಟಿಡು ಅಂತಾಳ್ರಿ. ನೀವು ಎಷ್ಟ ಚಲೋ ಇದ್ರೂ ನಾ ಲಗ್ನ ಆಗೂದಿಲ್ರಿ!" ಪ್ರದೀಪ ಅದನ್ನೂ ಟ್ಯಾಬಿನಲ್ಲಿ ಒತ್ತುತ್ತಿದ್ದ. "ಬಿ.ಎಸ್ಸಿ., ಗುಡ್. ಮದುವೆ ಆಗಲ್ಲ ಅನ್ನೋದಕ್ಕೆ ಇಲ್ಲಿ ಕಾಲಂ ಇಲ್ಲ, 'ಇತರೆ' ಅಂತ ಹಾಕ್ಲಾ?" ಎಂದ.

ಆಗ ನನ್ನ ತಲೆಯಲ್ಲಿ ಶಿರಾ, ಜಮಖಾನೆ, ಫೋನು ಎಲ್ಲ ಒಟ್ಟಿಗೆ ಬಂದು ಕೂತವು. ಶಿರಾದ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದೆ. ತೊದಲುತ್ತಾ ಇದ್ದದ್ದು ಇದ್ದ ಹಾಗೆ ಹೇಳಿದೆ: ಇವನು ವರನಲ್ಲ, ಸರ್ವೆ ಮಾಡುವವನು; ಹೆಣ್ಣುಮಕ್ಕಳು ಯಾಕೆ ಓದು ಬಿಡುತ್ತಾರೆ ಎಂದು ತಿಳಿಯಲು ಬಂದವನು; ನಾನು ಬೀಗರ ಊರು ಕೇಳಿದ್ದು ನಿಮ್ಮ ಪಂಗಡ ತಿಳಿಯಲಿಕ್ಕೆ. ಪ್ರದೀಪನ ಮುಖ ಸೀರೆಯ ಅಂಚಿಗಿಂತ ಕೆಂಪಾಯಿತು. ಭಾಗ್ಯ ಮೊದಲು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗದೆ ಒಳಗೆ ಓಡಿದಳು. ಗೌರವ್ವ ಕೈ ಚಾಚಿ ಪ್ರದೀಪನಿಗೆ, "ತಮ್ಮಾ, ಹುಡಿಗ್ಯಾರು ಸಾಲಿ ಯಾಕ ಬಿಡ್ತಾರಂತ ಬರಕೋಬೇಕಲ್ಲ? ಇಂಥಾ ಶಾಣ್ಯಾರು ಫೋನ್ ಮಾಡ್ತಾರ, ಅದಕ್ಕಂತ ಬರಕೋ" ಎಂದಳು.

ಶಂಕ್ರಪ್ಪ ಮಾತ್ರ ನಗಲಿಲ್ಲ. "ನಿನ್ನಿ ಅಕೀ ಮಾರಿ ನೋಡಿ ನನ್ನ ಕೈ ಮಗ್ಗದ ಮ್ಯಾಲ ನಡೀಲಿಲ್ಲೋ. ನೀ ತಂದ ಸಂಬಂಧ, ಬ್ಯಾಡ ಅನ್ನೂದು ಹ್ಯಾಂಗಂತ ಸುಮ್ಮನಿದ್ದೆ" ಎಂದ. ಆಮೇಲೆ ಒಳಕ್ಕೆ ಕೂಗಿ, "ಏ, ಪುಸ್ತಕ ಬಿಚ್ಚವಾ. ಧಾರವಾಡಕ್ಕ ಹೋಗುವಿಯಂತ" ಎಂದ. ಬಾಗಿಲ ಹಿಂದಿನಿಂದ ತಾಯಿಯ ಗೊಣಗಾಟ ಕೇಳಿತು, ಅದರೊಳಗೆ ಶಿರಾಕ್ಕೆ ಹೋದ ತುಪ್ಪದ ಸುದ್ದಿಯೇ ಹೆಚ್ಚಿತ್ತು. ನನಗೆ ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

"ಇಷ್ಟಕ್ಕ ಊರೆಲ್ಲಾ ಸುತ್ತು ಹಾಕಿದೇನೋ ಹುಚ್ಚಪ್ಪಾ?" ಎನ್ನುತ್ತ ಗೌರವ್ವ ತನ್ನ ಪಂಗಡದ ಹೆಸರನ್ನು ತಡವರಿಸದೆ ಹೇಳಿದಳು. ಪ್ರದೀಪ ಬರೆದುಕೊಂಡ. ನಾನು ನಾಚಿಕೆ ಮುಚ್ಚಿಕೊಳ್ಳಲು, "ಹಂಗಲ್ಲಬೇ, ಆಗಿನ ಕಾಲದಾಗ ನೀ ನನ್ನ ಜಾತಿ ಕೇಳಿದ್ದಿಲ್ಲಲ್ಲ, ಈಗ ನಾ ನಿನ್ನ ಕೇಳೂದು ಹ್ಯಾಂಗಂತ..." ಎಂದೆ. ಗೌರವ್ವ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಕೇಳೂದೇನ ಬಂತೋ? ಖೋಲಿ ಹಿಡಿಯಾಕ ಬಂದಾಗನ ನಿಮ್ಮಪ್ಪನ್ನ ಬೀಗರು ಯಾವೂರವ್ರಂತ ಕೇಳಿದ್ದೆ. ಗೊತ್ತಿತ್ತು. ಗೊತ್ತಿದ್ದೇ ರೊಟ್ಟಿ ಹಾಕಿದ್ದೆ." ಆಮೇಲೆ ಪ್ರದೀಪನನ್ನು ದಿಟ್ಟಿಸಿ ನೋಡಿ, ನನ್ನ ಕಡೆ ಬಾಗಿ, "ಅದಿರಲಿ, ಈ ಹುಡುಗ ಯಾವ ಮಂದಿ?" ಎಂದಳು.

ನನ್ನ ಬಾಯಿಂದ ಉತ್ತರ ಪಟ್ಟನೆ ಬಂತು, ಒಳಪಂಗಡದ ಸಮೇತ. ಪ್ರದೀಪ ಟ್ಯಾಬಿನಿಂದ ತಲೆ ಎತ್ತಿ ನನ್ನನ್ನೇ ನೋಡಿದ.

"ಸರ್, ಅದನ್ನ ನಾನು ನಿಮಗೆ ಹೇಳೇ ಇಲ್ವಲ್ಲ?" ಎಂದ.